ಗೋಡೆ ತುಂಬ ಒಂದು ಸಿನಿಮಾ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಮೊದಲ ದಿನವೇ ನಾನು ಹೇಳುವ ನಿಯಮ ಇದು. ಪ್ರಯೋಗ ಮಾಡದೆ ಉತ್ತರ ಬರೆದವನಿಗೆ ನನ್ನಲ್ಲಿ ಸೊನ್ನೆ. "ಗೊತ್ತಾಗಲಿಲ್ಲ ಸಾರ್" ಎಂದು ಬಂದು ನಿಂತವನಿಗೆ ಇನ್ನೊಂದು ಅವಕಾಶ. ನಾನು ಓದಿದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಈ ನಿಯಮವನ್ನು ಬೆರಳ ಗೆಣ್ಣಿನ ಮೇಲೆ ಸ್ಕೇಲಿನಿಂದ ಬರೆದು ಕಲಿಸಿದ್ದರು.

ಮಂಡ್ಯದಲ್ಲಿ ಇಷ್ಟು ವರ್ಷ ಪಾಠ ಮಾಡಿದ ಮೇಲೆ ನನಗೆ ತಿಳಿದದ್ದೇನೆಂದರೆ, ಈ ನಿಯಮ ಕಾಲೇಜಿನ ಗೇಟಿನವರೆಗೆ ಮಾತ್ರ ನಡೆಯುತ್ತದೆ. ಗೇಟು ದಾಟಿ ಯಾರನ್ನು ಏನು ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ. ಮಳವಳ್ಳಿ ರಸ್ತೆಯಲ್ಲಿ ನಿಂತು ಯಾರೂ ಕೇಳಿರದ ಒಂದು ಊರಿಗೆ ದಾರಿ ಕೇಳಿ ನೋಡಿ. "ಇಂಗೇ ನೇರ ಓಗಿ ಸಾರ್, ಮುಂದೆ ಯಾರ್ನಾದ್ರೂ ಕೇಳಿ" ಅನ್ನುತ್ತಾರೆ. ಮುಂದೆ ಸಿಕ್ಕವರೂ ಅದನ್ನೇ ಹೇಳುತ್ತಾರೆ. ಹೀಗೆ ಒಮ್ಮೆ ನಾನು ಮದುವೆ ಮನೆಗೆಂದು ಹೊರಟು ಕಾವೇರಿ ದಡ ತಲುಪಿದ್ದೆ. ಅಲ್ಲಿ ಮುಂದೆ ಕೇಳಲು ಯಾರೂ ಇರಲಿಲ್ಲ, ನೀರಿತ್ತು.

ಈ ಸಲ ನಾನು ದಾರಿ ಕೇಳಿದ್ದು ಊರಿಗಲ್ಲ, ಒಂದು ಪ್ರೊಜೆಕ್ಟರಿಗೆ.

ನನ್ನ ಹೆಂಡತಿ ಪ್ರೌಢಶಾಲೆಯಲ್ಲಿ ಪಿ.ಟಿ. ಮೇಡಂ. ಮಕ್ಕಳಿಗೆ ಉದ್ದಜಿಗಿತ ಕಲಿಸುವವಳು ನಮ್ಮದೇ ಮನೆಯ ಒಗೆಯುವ ಕಲ್ಲಿನ ಬಳಿ ಜಾರಿ ಕಾಲು ಮುರಿದುಕೊಂಡಳು. ತೊಡೆಯಿಂದ ಪಾದದವರೆಗೆ ಸಿಮೆಂಟಿನಂಥ ಪಟ್ಟಿ. ಎರಡು ತಿಂಗಳು ಮಂಚ ಬಿಡಕೂಡದು ಎಂದರು ಡಾಕ್ಟರು. ಹಿಂದಿನ ಕೋಣೆಯಲ್ಲಿ ಮಂಚ ಹಾಕಿದೆವು. ಚಿಕ್ಕ ಕೋಣೆ. ಅವಳು ಎಡಕ್ಕೆ ತಿರುಗಿದರೆ ಖಾಲಿ ಬಿಳಿ ಗೋಡೆ. ಬಲಕ್ಕೆ ತಿರುಗಿದರೆ ಆಳೆತ್ತರದ ಕನ್ನಡಿ ಇರುವ ಕಬ್ಬಿಣದ ಬೀರು. ಬೀರುವಿನ ಪಕ್ಕ ಬಾಗಿಲು, ಬಾಗಿಲಿನಾಚೆ ಅಡುಗೆಮನೆ. ಒಂದೆರಡು ದಿನ ನೋಡಿ, "ಈ ಅವತಾರ ನೋಡ್ಕೊಂಡು ಮಲಗೋಕಾಗಲ್ಲ" ಎಂದು ಕನ್ನಡಿಯ ಮೇಲೆ ಹಳೆಯ ಸೀರೆಯೊಂದನ್ನು ಇಳಿಬಿಡಿಸಿದಳು. ಆಮೇಲೆ ಮಾತೂ ಕಡಿಮೆಯಾಯಿತು. ಬೆಳಗಿನಿಂದ ಸಂಜೆಯವರೆಗೆ ಫ್ಯಾನು ನೋಡುವುದು. ಫೋನಿನಲ್ಲಿ ಸಿನಿಮಾ ಹಾಕಿಕೊಟ್ಟರೆ ಬೆಂಕಿಪೊಟ್ಟಣದೊಳಗೆ ಇಣುಕಿದ ಹಾಗಾಗುತ್ತದೆ ಎಂದು ಪಕ್ಕಕ್ಕಿಟ್ಟಳು. ಒಂದು ಸಂಜೆ ಗೋಡೆಯ ಕಡೆ ತಿರುಗಿ ಅಂದಳು, "ರೀ, ಈ ಗೋಡೆ ತುಂಬ ಒಂದು ಸಿನಿಮಾ ನೋಡ್ಬೇಕು ಅನ್ಸುತ್ತೆ." ಆ ವಾರವೆಲ್ಲ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

ಮೈಸೂರಿನ ಹಾಸ್ಟೆಲಿನಲ್ಲಿರುವ ಮಗಳಿಗೆ ಫೋನು ಮಾಡಿದೆ. "ಅಪ್ಪಾ, ಶಾರ್ಟ್ ಥ್ರೋ ಪ್ರೊಜೆಕ್ಟರ್ ತಗೊಳ್ಳಿ. ಅದು ಬಂದ ಮೇಲೆ ಒಂದು ಶನಿವಾರ ನಾನು ಬಂದು ಅಮ್ಮನ ಜೊತೆ ಕಾರ್ ರೇಸ್ ಆಡ್ತೀನಿ. ಅಮ್ಮ ಮಲಗೇ ಓಡಬಹುದು" ಅಂದಳು. ಮಾಮೂಲಿ ಪ್ರೊಜೆಕ್ಟರ್ ದೊಡ್ಡ ಚಿತ್ರ ಬಿಡಬೇಕಾದರೆ ಗೋಡೆಯಿಂದ ಬಹಳ ದೂರ ನಿಲ್ಲಬೇಕು. ಶಾರ್ಟ್ ಥ್ರೋ ಎಂಬುದು ಗೋಡೆಯ ಹತ್ತಿರವೇ ಕೂತು ಗೋಡೆ ತುಂಬ ಚಿತ್ರ ಬಿಡುತ್ತದೆ. ವಿಷಯ ಇಷ್ಟೇ. ಈ ಇಷ್ಟನ್ನು ನಾನು ಯಾರ್‍ಯಾರಿಗೆ ವಿವರಿಸಲು ಹೋದೆ, ಅವರು ಏನೇನು ಅರ್ಥಮಾಡಿಕೊಂಡರು ಎಂಬುದೇ ಮುಂದಿನ ಕತೆ.

ಅದಕ್ಕೆ ಮೊದಲು ಒಬ್ಬರನ್ನು ಪರಿಚಯಿಸಬೇಕು. ಹೆಂಡತಿಯ ಚಿಕ್ಕವ್ವ, ಕೊತ್ತತ್ತಿಯವರು, ಅವಳನ್ನು ನೋಡಿಕೊಳ್ಳಲೆಂದು ಬಂದಿದ್ದರು. ಪ್ರೊಜೆಕ್ಟರ್ ತರೋಣವೇ ಎಂದು ಅವರನ್ನೂ ಕೇಳಿದ್ದೆ. "ಅಳಿಯಂದ್ರೆ, ಅದೆಲ್ಲ ನಂಗೊತ್ತಿಲ್ಲ ಕಣಪ್ಪ" ಎಂದು ಸೊಪ್ಪು ಸೋಸುವುದನ್ನು ಮುಂದುವರಿಸಿದರು. ಉಪಯೋಗಕ್ಕೆ ಬಾರದ ಉತ್ತರ ಎಂದುಕೊಂಡು ನಾನು ತಿಳಿದವರನ್ನು ಹುಡುಕಿಕೊಂಡು ಹೋದೆ.

ಶಾರ್ಟು

ಬಿಳಿ ಗೋಡೆಯ ಬುಡದಲ್ಲಿ ಪ್ಲಗ್ ಪಾಯಿಂಟ್ ಇರಲಿಲ್ಲ. ಎಲೆಕ್ಟ್ರಿಷಿಯನ್ನನ್ನು ಕರೆಸಿ, ಇಲ್ಲೊಂದು ಪಾಯಿಂಟ್ ಬೇಕು, ಶಾರ್ಟ್ ಥ್ರೋ ಮೆಷಿನ್ ಬರುತ್ತದೆ ಅಂದೆ. ಅವನು ಜೇಬಿನಿಂದ ತೆಗೆದ ಟೆಸ್ಟರನ್ನು ಮತ್ತೆ ಜೇಬಿಗೇ ಇಟ್ಟ.

"ಶಾರ್ಟ್ ಒಡ್ಯೋ ಮಿಸನ್ನಾ ಸಾರ್?"

"ಶಾರ್ಟ್ ಥ್ರೋ."

"ಅದೇಯ. ಶಾರ್ಟ್ ಒಡ್ದು ಎತ್ತಾಕ್ತದಾ? ಅದ್ಕೆ ದುಡ್ ಯಾಕ್ ಕೊಡ್ತೀರಿ ಸಾರ್? ಈ ಬೀದೀಲಿ ಎಲ್ರ ಮನೇಲೂ ಬಿಟ್ಟಿ ಒಡೀತದೆ."

ನಾನು ಒಂದು ಹಾಳೆಯ ಮೇಲೆ ಗೋಡೆ ಬರೆದೆ, ಪ್ರೊಜೆಕ್ಟರ್ ಬರೆದೆ, ಕಿರಣಗಳಿಗೆ ಬಾಣದ ಗುರುತು ಹಾಕಿದೆ. ಕೋನವನ್ನೂ ಗುರುತಿಸಿದೆ. ಅವನು ಹಾಳೆಯನ್ನು ಗೌರವದಿಂದಲೇ ನೋಡಿ, "ಗೊತ್ತು ಬುಡಿ ಸಾರ್. ಇಂಥವ ಎಷ್ಟ್ ನೋಡಿಲ್ಲ ನಾವು" ಎಂದು ಕೆಲಸಕ್ಕೆ ಕೂತ.

ಅಷ್ಟರಲ್ಲಿ ಚಿಕ್ಕವ್ವ ಕಾಫಿ ತಂದರು. ಅವನ ಬಲಗೈಯಲ್ಲಿ ವೈರಿತ್ತು. ಎಡಗೈ ಚಾಚಿದ. ಚಿಕ್ಕವ್ವ ಲೋಟವನ್ನು ಹಿಂದಕ್ಕೆಳೆದುಕೊಂಡರು. "ಬಲಗೈಲಿ ಈಸ್ಕಳಪ್ಪ. ಉಂಬದು ತಿಂಬದು ಎಡಗೈಲಿ ಮಾಡ್ಬಾರ್ದು." ಅವನು ವಿನಯದಿಂದ ವೈರನ್ನು ನನ್ನ ಕೈಗೆ ಕೊಟ್ಟು ಬಲಗೈಯಲ್ಲಿ ಲೋಟ ಹಿಡಿದ.

"ಇದರಲ್ಲಿ ಕರೆಂಟು ಇದೆಯೇನಪ್ಪ?" ಎಂದು ಕೇಳಿದೆ.

"ಇರಾಕಿಲ್ಲ ಬುಡಿ ಸಾರ್."

ಗಮನಿಸಬೇಕು, 'ಇಲ್ಲ' ಅನ್ನಲಿಲ್ಲ, 'ಇರಾಕಿಲ್ಲ' ಅಂದ. ಇವೆರಡರ ನಡುವಿನ ವ್ಯತ್ಯಾಸ ವ್ಯಾಕರಣದ ಪುಸ್ತಕದಲ್ಲಿ ಓದುವುದಕ್ಕಿಂತ ವೈರು ಹಿಡಿದುಕೊಂಡಿರುವಾಗ ಚೆನ್ನಾಗಿ ಅರ್ಥವಾಗುತ್ತದೆ. ಅವನು ಕಾಫಿಯನ್ನು ಬಹಳ ನಿಧಾನವಾಗಿ ಕುಡಿದ.

ಸಂಜೆ ಕಾಲೇಜಿನಿಂದ ಬಂದು ನೋಡಿದರೆ ಗೋಡೆಯಲ್ಲಿ ಚಿಕ್ಕದೊಂದು ಪ್ಲಗ್ಗು, ಅದರ ಪಕ್ಕದಲ್ಲಿ ಗದ್ದೆಯ ಪಂಪ್‌ಸೆಟ್ಟಿಗೆ ಹಾಕುವಂಥ ದೊಡ್ಡ ಕಬ್ಬಿಣದ ಸ್ವಿಚ್ಚಿನ ಪೆಟ್ಟಿಗೆ. ಇದೇಕೆ ಎಂದರೆ ಅವನು ಎದೆಯುಬ್ಬಿಸಿ ಹೇಳಿದ: "ಇನ್ ಎಷ್ಟ್ ಬೇಕಾದ್ರೂ ಶಾರ್ಟ್ ಒಡೀಲಿ ಬುಡಿ ಸಾರ್. ಬೀದಿಗೆಲ್ಲ ಕರೆಂಟ್ ಓಯ್ತದೆ, ನಿಮ್ಮನೇಗ್ ಓಗಾಕಿಲ್ಲ!"

ನೇಟಿವ್

ಮಂಡ್ಯದ ಪೇಟೆಯಲ್ಲಿ ಟಿ.ವಿ., ಮಿಕ್ಸಿ, ಇತ್ತೀಚೆಗೆ ಪ್ರೊಜೆಕ್ಟರನ್ನೂ ಮಾರುವ ಅಂಗಡಿಯೊಂದಿದೆ. ಅಂಗಡಿಯಾತ ಒಂದು ಪೆಟ್ಟಿಗೆಯನ್ನು ಮುಂದಿಟ್ಟ. ಅದರ ಮೇಲೆ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ '4ಕೆ ಸಪೋರ್ಟ್' ಎಂದಿತ್ತು. ಇಲ್ಲಿ ಒಂದು ಸೂಕ್ಷ್ಮವಿದೆ. ಯಂತ್ರ ತಾನೇ ಸ್ವಂತವಾಗಿ ಎಷ್ಟು ಚುಕ್ಕೆಗಳ ಚಿತ್ರ ಬಿಡಬಲ್ಲದು ಎಂಬುದು ಅದರ ನೇಟಿವ್ ರೆಸಲ್ಯೂಶನ್. ಸಪೋರ್ಟ್ ಎಂದರೆ ದೊಡ್ಡ ಚಿತ್ರ ಕೊಟ್ಟರೆ ಬೇಡ ಎನ್ನದೆ ತೆಗೆದುಕೊಂಡು ತನ್ನ ಯೋಗ್ಯತೆಗೆ ಇಳಿಸಿಕೊಳ್ಳುತ್ತದೆ, ಅಷ್ಟೇ. ಕಡಿಮೆ ಬೆಲೆಯ ಯಂತ್ರಗಳ ಗುಟ್ಟೆಲ್ಲ ಈ ಎರಡು ಪದಗಳ ನಡುವೆ ಇರುತ್ತದೆ. ಆದ್ದರಿಂದ ನೇರವಾಗಿ ಕೇಳಿದೆ.

"ನೇಟಿವ್ ಯಾವುದು?"

"ನಮ್ದಾ ಸಾರ್? ಆತಗೂರು."

"ನಿಮ್ಮದಲ್ಲ, ಇದರದು."

ಅವನು ಪೆಟ್ಟಿಗೆ ತಿರುಗಿಸಿ ಬುಡ ನೋಡಿದ. "ಇದ್ರದು ಚೀನಾ ಸಾರ್. ಆದ್ರೆ ಈಗ ಎಲ್ಲಾ ಇಲ್ಲೇ ಬಂದು ಸೆಟ್ಲ್ ಆಗವೆ."

"ಹಾಗಲ್ಲ. ಇದು ಸ್ವಂತವಾಗಿ ಎಷ್ಟು ಕೊಡುತ್ತದೆ?"

"ಫೋರ್‌ಕೆ ಸಪೋರ್ಟ್ ಸಾರ್."

"ಸಪೋರ್ಟ್ ಬೇರೆ, ನೇಟಿವ್ ಬೇರೆ."

"ಅದು ನಿಜ ಸಾರ್" ಎಂದು ಅವನು ಸ್ಟೂಲು ಹತ್ತಿರಕ್ಕೆಳೆದುಕೊಂಡ. "ನೇಟಿವ್ನಲ್ಲಿ ನಮ್ಗ್ಯಾರೂ ಸಪೋರ್ಟಿಲ್ಲ. ನಮ್ಮಣ್ಣಾನೇ ಇಲ್ಲ. ಈ ಅಂಗ್ಡಿ ಮಾಡ್ದಾಗ ಮಾವನ್ ಮನೆ ಕಡೆಯೋರು ನಿಂತ್ಕಂಡ್ರು ಅಂತ ಆಯ್ತು."

ಆಮೇಲೆ ಮಾವನ ಮನೆಯ ಕತೆ ಬಂತು. ಗದ್ದೆಯ ಬದುವಿನ ಜಗಳ ಬಂತು. ಕಬ್ಬಿನ ಗಾಡಿ ಬದುವಿನ ಮೇಲೆ ಹತ್ತಿದ್ದು ಬಂತು. ನಾನು ತಾಳ್ಮೆಯಿಂದ ಕೇಳಿ, ಎದ್ದು, ನಾಳೆ ಇದರ ನೇಟಿವ್ ರೆಸಲ್ಯೂಶನ್ ಎಷ್ಟೆಂದು ಕಂಪನಿಯವರನ್ನು ವಿಚಾರಿಸಿ ಹೇಳಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ತಪ್ಪೇನಿಲ್ಲ ಅಂದೆ. "ಗೊತ್ತು ಸಾರ್, ಗೊತ್ತು" ಎಂದು ಅವನು ಬಾಗಿಲವರೆಗೆ ಬಂದ. ನಾನು ಸ್ಕೂಟರ್ ಹತ್ತಿ ಹೊರಟಾಗ ಹಿಂದಿನಿಂದ ಕೂಗಿದ:

"ಅದೆಲ್ಲ ಇರ್ಲಿ, ನಿಮ್ ನೇಟಿವ್ ಯಾವ್ದು ಅಂತ ಯೋಳ್ಲೇ ಇಲ್ವಲ್ಲ ಸಾರ್?"

ಬೆಳಕು

ಮದ್ದೂರಿನಿಂದ ದಿನಾ ರೈಲಿನಲ್ಲಿ ಬರುವ ನನ್ನ ಸಹೋದ್ಯೋಗಿಯೊಬ್ಬರು ರಸಾಯನಶಾಸ್ತ್ರದವರು. ಅವರ ಮನೆಯಲ್ಲಿ ಪ್ರೊಜೆಕ್ಟರಿದೆ ಎಂದು ಸ್ಟಾಫ್ ರೂಮಿಗೆಲ್ಲ ಗೊತ್ತು. ಆಟಕ್ಕೆ ಲ್ಯಾಗ್ ಎಷ್ಟಿರಬೇಕು ಎಂದು ಅವರನ್ನು ಕೇಳಲು ಮಗಳು ಹೇಳಿದ್ದಳು. ಲ್ಯಾಗ್ ಎಂದರೆ ಗುಂಡಿ ಒತ್ತಿದ್ದಕ್ಕೂ ಗೋಡೆಯ ಮೇಲೆ ಕಾರು ತಿರುಗಿದ್ದಕ್ಕೂ ನಡುವಿನ ತಡ. ಇದು ಕಡಿಮೆಯಿದ್ದಷ್ಟೂ ಒಳ್ಳೆಯದು. ಸಹೋದ್ಯೋಗಿ ಗಂಭೀರವಾಗಿ ಯೋಚಿಸಿ, "ಲ್ಯಾಗ್ ಚೆನ್ನಾಗಿ ಇರೋದನ್ನೇ ತಗೊಳ್ಳಿ. ನಾನಂತೂ ಜಾಸ್ತಿ ಲ್ಯಾಗಿರೋದನ್ನೇ ಹುಡುಕಿ ತಗೊಂಡೆ" ಎಂದರು.

ಈ ಮಾತಿನ ಮೇಲೆ ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಅವರು ಭಾನುವಾರ ಮನೆಗೆ ಬಂದು ಕಣ್ಣಾರೆ ನೋಡಿ ಎಂದರು. ನಾನು ಹೊರಟಾಗ ಮಳವಳ್ಳಿಯ ನನ್ನ ಭಾಮೈದನೂ ಜೊತೆಯಾದ. ಹೆಂಡತಿಯ ತಮ್ಮ. ಮಳವಳ್ಳಿಯಲ್ಲಿ ಶಾಮಿಯಾನ, ಕುರ್ಚಿ, ಸ್ಪೀಕರ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದಾನೆ. ಅಕ್ಕನ ಮೇಲೆ ಪ್ರಾಣ. ಪ್ರಪಂಚದಲ್ಲಿ ಅವನಿಗೆ ತಿಳಿಯದ್ದು ಯಾವುದೂ ಇಲ್ಲ, ಅಥವಾ ಇದ್ದರೆ ಅದು ಅವನಿಗೇ ತಿಳಿಯದು.

ಮದ್ದೂರು ತಲುಪಿದಾಗ ನಡುಮಧ್ಯಾಹ್ನ. ಕಡಿಮೆ ಬೆಲೆಯ ಪ್ರೊಜೆಕ್ಟರಿಗೆ ಬೆಳಕೇ ಶತ್ರು. ಸಹೋದ್ಯೋಗಿ ಕಿಟಕಿ ಹಾಕಿದರು, ಪರದೆ ಎಳೆದರು, ಪರದೆಯ ಮೇಲೆ ಕರಿ ಕಂಬಳಿ ಹೊದಿಸಿದರು, ಬಾಗಿಲ ಸಂದಿಗೆ ದಿಂಬು ತುರುಕಿದರು. ಗಾಳಿ ಕಿಂಡಿಗಳಿಗೆ ಅವರ ಮನೆಯವರು ಹಳೆಯ ಪತ್ರಿಕೆ ಅಂಟಿಸಿದರು. ಕೋಣೆಯಲ್ಲಿ ಕಗ್ಗತ್ತಲು, ಬೆವರು, ಎಲ್ಲೋ ಒಂದು ತಟ್ಟೆ ವಡೆ. ವಡೆಯೆಂದು ನಾನು ಒಮ್ಮೆ ಭಾಮೈದನ ಮೊಣಕಾಲನ್ನು ಹಿಡಿದೆ.

ಎದುರಿನ ಗೋಡೆಯ ಮೇಲೆ ಒಂದು ಮಸುಕಾದ ಹಳದಿ ಪಟ್ಟಿ ಕಾಣಿಸಿತು. ನನಗೆ ಅದೇನೆಂದು ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಭಾಮೈದ ಉದ್ಗರಿಸಿದ.

"ಆಹಾ! ಏನ್ ಕಲರ್ ಸಾರ್! ಏನ್ ಕ್ಲಾರಿಟಿ! ಥಿಯೇಟರ್ ಇದ್ರ ಮುಂದೆ ಏನೂ ಇಲ್ಲ ಬುಡಿ. ಇದು ಸನ್‌ಸೆಟ್ ಸೀನಲ್ವಾ?"

ಕತ್ತಲಲ್ಲಿ ಸಹೋದ್ಯೋಗಿಯ ದನಿ ಬಂತು.

"ನಾನಿನ್ನೂ ಆನ್ ಮಾಡಿಲ್ಲ. ಅದು ಕಂಬಳಿ ತೂತಿಂದ ಬರ್ತಿರೋ ಬಿಸಿಲು."

ಅಂಗೈಯಗಲದ್ದು

ಮಾರನೆಯ ದಿನವೇ ಭಾಮೈದ ಮಳವಳ್ಳಿಯಿಂದ ಒಂದು ಪ್ರೊಜೆಕ್ಟರನ್ನು ಅಂಗಿಯ ಜೇಬಿನಲ್ಲಿ ಹಾಕಿಕೊಂಡು ಬಂದ. ಉತ್ಪ್ರೇಕ್ಷೆಯಲ್ಲ, ಜೇಬಿನಲ್ಲೇ.

"ಭಾವ, ಇದ್ಕಿಂತ ಶಾರ್ಟು ಇಡೀ ಜಿಲ್ಲೇಲಿಲ್ಲ. ನೋಡಿ, ಅಂಗೈಯಗಲ!"

"ಶಾರ್ಟ್ ಅಂದರೆ ಯಂತ್ರ ಗಿಡ್ಡ ಇರುವುದಲ್ಲ ಕಣಯ್ಯ. ಥ್ರೋ ಶಾರ್ಟ್ ಇರಬೇಕು."

"ಥ್ರೋ ನಮ್ಮಕ್ಕಂಗೆ ಗೊತ್ತಿಲ್ವಾ? ಥ್ರೋಬಾಲ್ ಕೋಚು. ಒಸಿ ಸುಮ್ನಿರಿ ಭಾವ."

ಕೋಚು ಮಂಚದಿಂದ ನನ್ನನ್ನು ನೋಡಿ, ಆಗಲಿ ಬಿಡಿ ಎಂಬಂತೆ ಕಣ್ಣು ಮಾಡಿದಳು. ತಮ್ಮನ ಆಸೆ ಕೆಡಿಸಲು ಅವಳಿಗೆ ಇಷ್ಟವಿಲ್ಲ. ಯಂತ್ರವನ್ನು ಗೋಡೆಯ ಹತ್ತಿರ ಸ್ಟೂಲಿನ ಮೇಲಿಟ್ಟರೆ ಕರ್ಚೀಫಿನಷ್ಟು ಚಿತ್ರ ಬಿತ್ತು. ಹಿಂದಕ್ಕೆ ಸರಿಸಿದ. ಟವೆಲಿನಷ್ಟಾಯಿತು. ಮಂಚದ ಮೇಲಿಂದ ದಾಟಿಸಿ ಬೀರುವಿನ ಪಕ್ಕದಲ್ಲಿಟ್ಟ. ಲುಂಗಿಯ ಅಳತೆಗೆ ಬಂತು. "ಬತ್ತಾ ಅದೆ ಭಾವ, ಬತ್ತಾ ಅದೆ" ಎನ್ನುತ್ತ ಬಾಗಿಲು ದಾಟಿ ಅಡುಗೆಮನೆಗೆ ಹೋದ. ಕೊನೆಗೆ ಮಿಕ್ಸಿಯನ್ನು ಪಕ್ಕಕ್ಕೆ ಸರಿಸಿ ಆ ಜಾಗದಲ್ಲಿಟ್ಟಾಗ ಗೋಡೆಯ ಮುಕ್ಕಾಲು ತುಂಬಿತು.

"ಇದು ಶಾರ್ಟ್ ಥ್ರೋನಾ?" ಎಂದು ಕೇಳಿದೆ.

"ಮನೆಯೊಳಗೇ ಅದಲ್ಲ ಭಾವ! ಬೀದಿಗೇನೂ ಓಗಿಲ್ವಲ್ಲ!"

ಸಿನಿಮಾ ಶುರುವಾಯಿತು. ಅದು ಮುದ್ದೆ ತಿರುವುವ ಹೊತ್ತು. ಚಿಕ್ಕವ್ವ ಒಲೆ ಬಿಟ್ಟು ಎಲ್ಲಿಗೂ ಹೋಗುವವರಲ್ಲ. ಗೋಡೆಯ ಮೇಲೆ ನಾಯಕ ಖಳನನ್ನು ಬೆನ್ನಟ್ಟುತ್ತಿದ್ದಾಗ ಆಕಾಶದಿಂದ ಒಂದು ಮಹಾಕಾಯದ ಹೆಂಗಸಿನ ನೆರಳು ಇಳಿದು, ಎರಡು ಕೈಯಲ್ಲಿ ಒನಕೆಯಷ್ಟು ದಪ್ಪ ಮುದ್ದೆಕೋಲು ಹಿಡಿದು ಇಬ್ಬರನ್ನೂ ಒಟ್ಟಿಗೆ ತಿರುವಲಾರಂಭಿಸಿತು.

"ಚಿಕ್ಕವ್ವ, ಒಸಿ ಪಕ್ಕಕ್ ಬಾ! ಪಿಚ್ಚರ್ ಎಂಗದೆ ಯೋಳು?" ಎಂದು ಭಾಮೈದ ಕೂಗಿದ.

"ನಂಗೊತ್ತಿಲ್ಲ ಕಣ್ಲಾ, ಗಂಟಾಯ್ತದೆ" ಎಂದು ನೆರಳು ಉತ್ತರಿಸಿತು.

ಹೆಂಡತಿ ಬಿದ್ದ ಮೇಲೆ ಮೊದಲ ಸಲ ನಕ್ಕಳು. "ಈ ಪಿಕ್ಚರ್ರೇ ಇರ್ಲಿ ರೀ, ಹೀರೋಯಿನ್ ಸೂಪರ್" ಅಂದಳು. ಆದರೆ ಮುದ್ದೆ ಇಳಿಸಿದ ಮೇಲೆ ಸಿನಿಮಾದಲ್ಲಿ ನೋಡುವಂಥದ್ದೇನೂ ಉಳಿಯಲಿಲ್ಲ. ಅವಳು ಮತ್ತೆ ಫ್ಯಾನಿನ ಕಡೆ ತಿರುಗಿದಳು.

ಫ್ರಂಟೋ ರಿಯರೋ

ಕೊನೆಗೆ ನಾನೇ ಟೇಪು ಹಿಡಿದು ಗೋಡೆ ಅಳೆದೆ. ಪೆಟ್ಟಿಗೆಗಳ ಮೇಲಿನ ಸಣ್ಣ ಅಕ್ಷರವನ್ನೆಲ್ಲ ಓದಿದೆ. ಮಂಡ್ಯದ ಅದೇ ಅಂಗಡಿಯಿಂದ ನಿಜವಾದ ಶಾರ್ಟ್ ಥ್ರೋ ಒಂದನ್ನು ತಂದೆ. ಗೋಡೆಯಿಂದ ಮೂರಡಿ ದೂರದಲ್ಲಿಟ್ಟರೆ ಆರಡಿ ಅಗಲದ ಚಿತ್ರ. ನಮ್ಮ ಕೈಗೆ ಎಟುಕುವಂಥದ್ದು ಅಲ್ಲಿ ಇದ್ದದ್ದು ಅದೊಂದೇ. ಒಂದು ವಾರದೊಳಗೆ ಬೇಡವೆಂದರೆ ವಾಪಸು, ಆಮೇಲೆ ಇಲ್ಲ ಎಂದಿದ್ದ ಅಂಗಡಿಯಾತ. ಆ ವಾರವೇ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಬಂದು, ನಾನು ಪೆಟ್ಟಿಗೆ ತೆರೆದದ್ದು ಕೊನೆಯ ದಿನ ಸಂಜೆ. ಚೆನ್ನಾಗಿದ್ದರೆ ಇವಳಿಗೆ ಉಳಿದ ದಿನಗಳೆಲ್ಲ ಗೋಡೆ ತುಂಬ ಸಿನಿಮಾ, ಶನಿವಾರ ಮಗಳ ಜೊತೆ ಕಾರ್ ರೇಸು. ಚೆನ್ನಾಗಿಲ್ಲದಿದ್ದರೆ ಯಂತ್ರ ಅಂಗಡಿಗೆ, ಇವಳ ಕಣ್ಣು ಮತ್ತೆ ಫ್ಯಾನಿಗೆ.

ಭಾಮೈದ ಬಂದಿದ್ದ. ಮದುವೆ ಮಂಟಪಕ್ಕೆ ಕೊಡುವ ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ಆ ಚಿಕ್ಕ ಕೋಣೆಗೆ ತಂದಿದ್ದ. ಒಂದರ ಮೇಲೆ ಅಕ್ಕನ ಕಾಲು ಇರಿಸಿದ್ದ. ಮದ್ದೂರಿನ ಸಹೋದ್ಯೋಗಿಯೂ ಪರೀಕ್ಷೆ ಮುಗಿಸಿ, ಸಂಜೆಯ ರೈಲಿಗೆ ಹೊತ್ತಿದೆ ಎಂದು ನನ್ನ ಜೊತೆ ಬಂದರು. ನಾನು ಅವರಿಗೆ ಕುರ್ಚಿ ತರಲು ಹಾಲಿಗೆ ಹೋದೆ. ಆ ಸ್ವಲ್ಪ ಹೊತ್ತಿನಲ್ಲಿ ಭಾಮೈದ ಯಂತ್ರವನ್ನು ಹೊಂದಿಸಿಬಿಟ್ಟ.

ಅವನು ಏನು ಮಾಡಿದ ಎಂಬುದು ನನಗೆ ತಿಳಿದದ್ದು ಆಮೇಲೆ. ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ. ಹೊಸ ಪ್ರೊಜೆಕ್ಟರ್ ಮೊದಲಿಗೆ ಒಂದು ಪ್ರಶ್ನೆ ಕೇಳುತ್ತದೆ: ಫ್ರಂಟ್ ಅಥವಾ ರಿಯರ್? ನಮ್ಮ ಹಾಗೆ ಗೋಡೆಯ ಎದುರಿಗೆ ಇಟ್ಟರೆ ಫ್ರಂಟ್. ಬಟ್ಟೆಯ ಪರದೆಯ ಹಿಂದೆ ಇಟ್ಟು ಬಿಡುವುದಾದರೆ ಮಾತ್ರ ರಿಯರ್. ಆಗ ಯಂತ್ರ ಚಿತ್ರವನ್ನು ಎಡಬಲ ತಿರುಗಿಸಿ ಬಿಡುತ್ತದೆ, ಪರದೆಯ ಆಚೆ ಕೂತವರಿಗೆ ಸರಿಯಾಗಿ ಕಾಣಲೆಂದು. ಭಾಮೈದ ಪ್ರಶ್ನೆಯನ್ನು ಓದಿದ. ನಾವಿರುವುದು ಮನೆಯ ಹಿಂದುಗಡೆ ಕೋಣೆಯಲ್ಲವೇ ಎಂದು ರಿಯರ್ ಒತ್ತಿದ. ಒತ್ತಿದೊಡನೆ ಗೋಡೆಯ ಮೇಲಿದ್ದ ಇಂಗ್ಲಿಷ್ ಅಕ್ಷರಗಳೆಲ್ಲ ಎಡಬಲವಾಗಿ ವಿಚಿತ್ರವಾದವು. "ಏನ್ಲಾ ಅದು?" ಎಂದು ಅಕ್ಕ ಕೇಳಿದಳಂತೆ. "ಮಿಸನ್ನು ಚೀನಾದ್ದಲ್ವಾ ಅಕ್ಕ, ನೇಟಿವ್ ನೆಪ್ಪಾಗದೆ" ಎಂದನಂತೆ. ಶುರುವಿನಲ್ಲಿ ಬರುವ ಹೆಸರುಗಳನ್ನು ಯಾರು ಓದುತ್ತಾರೆ ಎಂದು ಸಿನಿಮಾವನ್ನು ಮುಂದಕ್ಕೆ ಓಡಿಸಿದ.

ನಾನು ಕುರ್ಚಿ ಹೊತ್ತುಕೊಂಡು ಬಂದಾಗ ಗೋಡೆ ತುಂಬ ಚಿತ್ರ. ಹಳೆಯ ಕಾಲದ, ಮನೆಮಂದಿಯೆಲ್ಲ ಕೂತು ನೋಡುವಂಥ ಕನ್ನಡ ಸಿನಿಮಾ. ಬಣ್ಣ ಚೆನ್ನಾಗಿತ್ತು, ಬೆಳಕು ಚೆನ್ನಾಗಿತ್ತು. ಆದರೂ ನೋಡುತ್ತ ನೋಡುತ್ತ ನನಗೆ ಏನೋ ಕಸಿವಿಸಿ. ಕನ್ನಡಿಯ ಬಿಂಬ ಎಡಬಲವಾಗುವುದನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುವ ಮನುಷ್ಯ ನಾನು. ನನಗೇ ತಿಳಿಯಲಿಲ್ಲ.

ನಾಯಕ ಒಂದು ಅಂಗಡಿಯ ಮುಂದೆ ನಿಂತ. ಬೋರ್ಡಿನ ಅಕ್ಷರ ದುಂಡಗಿತ್ತು, ಓದಲಾಗಲಿಲ್ಲ.

"ಇದೇನು ಕನ್ನಡವೇ?" ಎಂದೆ.

"ತೆಲುಗು ಸರ್. ಅಲ್ಲಿಂದ ಡಬ್ ಮಾಡಿದ್ದಾರೆ" ಎಂದರು ಸಹೋದ್ಯೋಗಿ. ಅವರಿಗೆ ತೆಲುಗು ಬಾರದು. ನನಗೂ ಬಾರದು.

ನಾಯಕ ಕಾರು ಹತ್ತಿದ. ಸ್ಟಿಯರಿಂಗು ಎಡಗಡೆಗಿತ್ತು. ರಸ್ತೆಯ ಬಲಭಾಗದಲ್ಲಿ ಹೊರಟ.

"ಫಾರಿನ್ ಸೂಟಿಂಗು" ಎಂದ ಭಾಮೈದ.

"ಎರಡೂ ಕಡೆ ಕಬ್ಬಿನ ಗದ್ದೆ ಇದೆಯಲ್ಲಯ್ಯ?"

"ಅಮೇರಿಕದೋರೂ ಸಕ್ರೆ ತಿಂತಾರೆ ಭಾವ, ಬೆಳೀಬ್ಯಾಡ್ವಾ?"

ಎದುರಿನಿಂದ ಒಂದು ಎತ್ತಿನ ಗಾಡಿ ಬಂತು. ಭಾಮೈದ ಸ್ಪೀಕರಿನ ದನಿ ಏರಿಸಿದ.

ನಾನು ಹೆಂಡತಿಯ ಕಡೆ ನೋಡಿದೆ. ಗೋಡೆಯ ಬೆಳಕು ಅವಳ ಮುಖದ ಮೇಲೆ ಬೀಳುತ್ತಿತ್ತು. "ಚೆನ್ನಾಗಿದೆ ಅಲ್ವಾ ರೀ? ಇಷ್ಟು ಓಡಾಡಿ ತಂದಿದ್ದೀರಿ" ಅಂದಳು. ಅವಳ ಹುಬ್ಬು ಗಂಟಿಕ್ಕಿತ್ತು, ಬಾಯಿ ಮಾತ್ರ ನಗುತ್ತಿತ್ತು. ನನ್ನ ಮನಸ್ಸು ನೋಯಬಾರದೆಂದು ಅವಳು ಹಾಗೆ ಅಂದಳು. ಅವಳ ಮನಸ್ಸು ನೋಯಬಾರದೆಂದು ನಾನು, "ಹೂಂ, ಬಹಳ ಚೆನ್ನಾಗಿದೆ" ಅಂದೆ. ಪ್ರಯೋಗಾಲಯದಲ್ಲಾಗಿದ್ದರೆ ಇಬ್ಬರಿಗೂ ಸೊನ್ನೆ.

ಅಂಗಡಿ ಮುಚ್ಚುವ ಹೊತ್ತು ಹತ್ತಿರವಾಗುತ್ತಿತ್ತು. ಒಬ್ಬೊಬ್ಬರನ್ನೇ ಕೇಳಿದೆ. ಇಟ್ಟುಕೊಳ್ಳಿ ಎಂದರು ಸಹೋದ್ಯೋಗಿ. "ಇದ್ನ ವಾಪಸ್ ಕೊಟ್ರೆ ನಾನು ಈ ಮನೇಗ್ ಬರಾಕಿಲ್ಲ" ಎಂದ ಭಾಮೈದ. ಇರಲಿ ಎಂದಳು ಹೆಂಡತಿ. ಗೋಡೆಯ ಮೇಲೆ ಆಗ ಊಟದ ದೃಶ್ಯ. ಬಾಳೆಲೆ ಹಾಕಿ ಇಡೀ ಮನೆಯವರು ಸಾಲಾಗಿ ಕೂತಿದ್ದರು. ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಚಿಕ್ಕವ್ವನ ಕಡೆ ತಿರುಗಿದೆ.

"ನೀವೊಬ್ಬರು ಹೇಳಿಬಿಡಿ ಚಿಕ್ಕವ್ವ. ಚೆನ್ನಾಗಿದೆಯಲ್ಲ?"

"ಮಿಸನ್ನಿನ್ ಇಚಾರ ನಂಗೊತ್ತಿಲ್ಲ ಕಣಪ್ಪ ಅಳಿಯಂದ್ರೆ" ಎಂದು ಅವರು ಗೋಡೆಯ ಕಡೆ ಕೈ ಮಾಡಿದರು. "ಆದ್ರೆ ಆ ಮನೇಲಿ ಒಬ್ರಾದ್ರೂ ನೆಟ್ಗವ್ರಾ? ಆ ವಯ್ಯ ಎಡಗೈಲಿ ಉಣ್ತಾವ್ನೆ. ಅವ್ನ ತಮ್ಮ ಎಡಗೈಲಿ ಉಣ್ತಾವ್ನೆ. ಬಡ್ಸೋ ತಾಯವ್ವ ಸೆರಗ ಬಲ್ಗಡೆ ಎಗಲ್ ಮ್ಯಾಲ್ ಆಕವ್ಳೆ. ಆ ಮುದ್ಕಪ್ಪ ಮೊಮ್ಮಗಂಗೆ ಎಡಗೈಲಿ ತುತ್ತಿಕ್ತಾವ್ನೆ. ಒಬ್ರಾದ್ರೂ ಯೋಳ್‌ಬ್ಯಾಡ್ವಾ?"

ಭಾಮೈದ ಮೊದಲು ಚೇತರಿಸಿಕೊಂಡ.

"ಅದು ಈಗಿನ್ ಫ್ಯಾಸನ್ನು ಚಿಕ್ಕವ್ವ. ನಿಂಗ್ ಗೊತ್ತಾಗಾಕಿಲ್ಲ. ಎಲ್ರೂ ಸೂಪರ್ ಅಂದವ್ರೆ, ನೀನೂ ಸೂಪರ್ ಅಂದ್ಬುಡು. ಅಂಗ್ಡಿ ಮುಚ್ಚೋ ಒತ್ತಾಯ್ತದೆ."

"ನಾನ್ ಅನ್ನಾಕಿಲ್ಲ ಕಣ್ಲಾ."

"ನಮ್ಮಕ್ಕಂಗೋಸ್ಕರ ಅನ್ನು."

"ಅವ್ಳಿಗೋಸ್ಕರಾನೇ ಅನ್ನಾಕಿಲ್ಲ. ಕಾಲ್ ಮುರ್ಕಂಡ್ ಮನಗಿರೋಳ್ಗೆ ಇಂಥದ್ನ ತೋರ್ಸಿ ಸೂಪರ್ ಅಂತಾರೇನ್ಲಾ? ನೀವ್ ನೋಡ್ಕಳಿ. ನಂಗೆ ಕೆಲ್ಸ ಅದೆ."

ಅವರು ಎದ್ದರು. ಕುರ್ಚಿಯನ್ನು ಪೂರ್ತಿ ತಿರುಗಿಸಿ ಸಿನಿಮಾಕ್ಕೆ ಬೆನ್ನು ಹಾಕಿದರು. ಸುಮ್ಮನೆ ಕೂರುವ ಅಭ್ಯಾಸವಿಲ್ಲದ ಕೈ. ಎದುರಿಗೆ ಬೀರುವಿನ ಮೇಲೆ ಇಳಿಬಿದ್ದಿದ್ದ ಹಳೆಯ ಸೀರೆ ಕಂಡಿತು. ಇದನ್ನಾದರೂ ಮಡಚಿಡುತ್ತೇನೆ ಎಂದು ಅದನ್ನು ಎಳೆದರು.

ಕನ್ನಡಿಯೊಳಗೆ ಇಡೀ ಗೋಡೆ ಮೂಡಿತು. ಮನೆಮಂದಿಯೆಲ್ಲ ಬಾಳೆಲೆಯ ಮುಂದೆ ಸಾಲಾಗಿ ಕೂತು, ಒಬ್ಬರೂ ತಪ್ಪದೆ, ಬಲಗೈಯಲ್ಲಿ ಉಣ್ಣುತ್ತಿದ್ದರು. ತಾಯಿಯ ಸೆರಗು ಎಡಭುಜಕ್ಕೆ ಬಂದಿತ್ತು. ಅಜ್ಜ ಮೊಮ್ಮಗನಿಗೆ ಬಲಗೈಯಲ್ಲಿ ತುತ್ತು ಕೊಟ್ಟ. ಆಮೇಲೆ ನಾಯಕ ಎದ್ದು ಕಾರು ಹತ್ತಿದ. ಕಾರು ಅಮೇರಿಕ ಬಿಟ್ಟು ನಮ್ಮ ದೇಶಕ್ಕೆ ಬಂದು, ರಸ್ತೆಯ ಎಡಗಡೆಯಲ್ಲಿ ಹೋಗಿ ಅದೇ ಅಂಗಡಿಯ ಮುಂದೆ ನಿಂತಿತು. ತೆಲುಗಿನ ಬೋರ್ಡು ಅಚ್ಚ ಕನ್ನಡದಲ್ಲಿ 'ದಿನಸಿ ಅಂಗಡಿ' ಎಂದಿತು.

ಸಹೋದ್ಯೋಗಿ ತಮ್ಮ ರೈಲಿಗೆ ಹೊತ್ತಾಯಿತೇನೋ ಎಂದು ಗಡಿಯಾರ ನೋಡಿಕೊಂಡರು. ಭಾಮೈದ ಯಾವುದೋ ವೈರು ಹುಡುಕುತ್ತ ಮಂಚದ ಕೆಳಗೆ ಹೋದ. ನನಗೆ ಆಗ ಎಲ್ಲವೂ ಹೊಳೆಯಿತು. ರಿಮೋಟು ಎತ್ತಿಕೊಂಡೆ. "ಒಂದೇ ಗುಂಡಿ ಚಿಕ್ಕವ್ವ, ಫ್ರಂಟ್ ಅಂತ ಮಾಡಿದರೆ ಗೋಡೆಯ ಮೇಲೇ ಸರಿಹೋಗುತ್ತದೆ. ಇದಕ್ಕೆ ಕಾರಣ ಏನೆಂದರೆ..."

"ಮುಟ್‌ಬ್ಯಾಡಿ ಅಳಿಯಂದ್ರೆ. ನೀವೆಲ್ಲ ಗೊತ್ತಿರೋರು. ಮುಟ್ಟಿದ್ರೆ ಮತ್ತೆ ಎಡಗೈಗೆ ಓಯ್ತದೆ."

ಮಂಚದಿಂದ ಜೋರಾದ ನಗು ಬಂತು. ಹೆಂಡತಿ ಆ ಕನ್ನಡಿಯಲ್ಲಿ ಸಿನಿಮಾದ ಜೊತೆಗೆ ತನ್ನನ್ನೂ ನೋಡುತ್ತಿದ್ದಳು, ಸ್ಪೀಕರ್ ಪೆಟ್ಟಿಗೆಯ ಮೇಲೆ ಬಿಳಿ ಕಂಬದಂಥ ಕಾಲಿಟ್ಟುಕೊಂಡು ಮಲಗಿದ ಪಿ.ಟಿ. ಮೇಡಮ್ಮನ್ನು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ವಾಪಸ್ ಕೊಡೋ ಮಾತೆತ್ತಬೇಡಿ ರೀ" ಎಂದಳು. "ನನ್ನ ದಿಂಬನ್ನ ಬೀರು ಕಡೆಗೆ ತಿರುಗಿಸಿ."

ನಾನು ರಿಮೋಟು ಕೆಳಗಿಟ್ಟು ದಿಂಬು ತಿರುಗಿಸಿದೆ. ಚಿಕ್ಕವ್ವ ಕುರ್ಚಿಯನ್ನು ಬೀರುವಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು. ಸೀರೆಯನ್ನು ಮಡಚಿ ತೊಡೆಯ ಮೇಲಿಟ್ಟರು. ಕನ್ನಡಿಯೊಳಗಿನ ನಾಯಕ ಅಂಗಡಿಯಲ್ಲಿ ಕೊಂಡ ಬಾಳೆಹಣ್ಣನ್ನು ಬಲಗೈಯಲ್ಲಿ ಬಾಯಿಗಿಡುವುದನ್ನು ಖಚಿತಪಡಿಸಿಕೊಂಡು, "ಊಂ, ಈಗ್ ತಿನ್ನಪ್ಪ" ಎಂದು ಅವನಿಗೆ ಅಪ್ಪಣೆ ಕೊಟ್ಟು, ನಮ್ಮೆಲ್ಲರಿಗೂ ಬೆನ್ನು ಹಾಕಿ ಕೂತರು.